ನಮ್ಮ ಸೀಮೆಯ ನುಡಿಗಳು ಮತ್ತು ವಿಶ್ವಪೌರತ್ವದ ಶಿಕ್ಷಣ

'ವಿಶ್ವಪೌರತ್ವ' ಎಂಬ ಪದವು ಈಚೆಗೆ ಶಿಕ್ಷಣಕ್ಷೇತ್ರದಲ್ಲಿ ಬಹುವಾಗಿ ಕೇಳಿಬರುತ್ತಿದೆ. ಯುನೆಸ್ಕೋ ಸಂಸ್ಥೆಯು 1974ರಲ್ಲಿಯೇ ಅಂತರರಾಷ್ಟ್ರೀಯ ತಿಳಿವಳಿಕೆಯನ್ನು ಬೆಳೆಸುವ ಶಿಕ್ಷಣವನ್ನು ಕುರಿತು ಒಂದು ಶಿಫಾರಸನ್ನು ಅಂಗೀಕರಿಸಿ, 2023ರಲ್ಲಿ ಅದನ್ನು ಪರಿಷ್ಕರಿಸಿತು. 2015ರಲ್ಲಿ ವಿಶ್ವಸಂಸ್ಥೆಯು ಸುಸ್ಥಿರ ಅಭಿವೃದ್ಧಿಯ ಗುರಿಗಳನ್ನು ಸಾರಿದಾಗ ಶಿಕ್ಷಣದ ಗುರಿಯೊಳಗೆ ಇದನ್ನೂ ಸೇರಿಸಿತು. ಮೇಲಿನಿಂದ ಇಳಿದುಬಂದ ಇಂಥ ಮಾತುಗಳು ಶಾಲೆಯ ಹೊಸಿಲನ್ನು ತಲುಪುವ ಹೊತ್ತಿಗೆ ಸಾಮಾನ್ಯವಾಗಿ ಒಂದು ಉತ್ಸವದ ರೂಪವನ್ನು ತಾಳುತ್ತವೆ. ಮಕ್ಕಳು ಹಲವು ರಾಷ್ಟ್ರಗಳ ಧ್ವಜಗಳನ್ನು ಹಿಡಿದು ನಿಲ್ಲುತ್ತಾರೆ. ಒಬ್ಬನು ಜಪಾನಿನವನಾಗುತ್ತಾನೆ, ಒಬ್ಬಳು ಆಫ್ರಿಕಾದವಳಾಗುತ್ತಾಳೆ. ಭಾವಚಿತ್ರ ತೆಗೆದ ಮೇಲೆ ವೇಷ ಕಳಚುತ್ತದೆ. ಇದರಲ್ಲಿ ದೋಷವೇನೂ ಇಲ್ಲ, ಮಕ್ಕಳಿಗೆ ಸಂತೋಷವೂ ಉಂಟು. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಶಾಲೆಗಳಿಗೆ ಲೋಕವನ್ನು ವೇಷದ ಮೂಲಕ ಕರೆತರಬೇಕಾದ ಅಗತ್ಯವಿಲ್ಲ. ಅದು ತಾನಾಗಿಯೇ ಬಂದು ನಮ್ಮ ತರಗತಿಯ ಮಣೆಯ ಮೇಲೆ ಕುಳಿತು ಅರ್ಧ ಶತಮಾನಕ್ಕೂ ಮಿಗಿಲಾಯಿತು. ಅದನ್ನು ಗುರುತಿಸುವ ಕಾರ್ಯಕ್ಕೆ ಕನ್ನಡದ ಪಾಠವೇ ಅತ್ಯಂತ ಯೋಗ್ಯವಾದ ಸಾಧನವೆಂಬುದನ್ನು ವಾಚಕ ಮಹನೀಯರಲ್ಲಿ ನಿವೇದಿಸಿಕೊಳ್ಳುವುದು ಈ ಲೇಖನದ ಉದ್ದೇಶ.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಜೋಳದ ಕರಿನೆಲವಾಗಿದ್ದ ಸಿಂಧನೂರು ಭತ್ತದ ನೆಲವಾಯಿತು. ಆ ನೀರಿನ ಹಿಂದೆಯೇ ಕರಾವಳಿ ಆಂಧ್ರದ ರೈತರು ಬಂದರು. ಭೂಮಿ ಕೊಂಡು ಗದ್ದೆ ಮಾಡಿದರು. 1960ರ ದಶಕದ ಕೊನೆ ಮತ್ತು 1970ರ ದಶಕದ ಆದಿಭಾಗದಲ್ಲಿ, ಅಂದಿನ ಪೂರ್ವ ಪಾಕಿಸ್ತಾನದಿಂದ ಮನೆಮಠ ತೊರೆದು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ನೆಲೆ ಕಲ್ಪಿಸಿತು. ಬರ್ಮಾ ದೇಶದಿಂದ ಮರಳಿದ ಭಾರತೀಯರಿಗೂ ಇದೇ ತಾಲ್ಲೂಕಿನಲ್ಲಿ ಆಶ್ರಯ ದೊರೆಯಿತು. ಅದಕ್ಕೂ ಬಹು ಹಿಂದಿನಿಂದ ಲಿಂಗಸುಗೂರು, ಮಸ್ಕಿಗಳ ಸುತ್ತಿನಲ್ಲಿ ಲಂಬಾಣಿ ತಾಂಡಾಗಳಿವೆ. ಮುದಗಲ್ಲು ಮೊದಲಾದ ಊರುಗಳಲ್ಲಿ ಉರ್ದು ಮನೆಮಾತಾಗಿರುವ ಕುಟುಂಬಗಳಿವೆ. ಹೀಗಾಗಿ ಕನ್ನಡ, ತೆಲುಗು, ಬಂಗಾಳಿ, ಲಂಬಾಣಿ, ಉರ್ದು ಎಂಬ ಐದು ಮನೆಮಾತಿನ ಮಕ್ಕಳು ಒಂದೇ ಗಂಟೆಯ ಸದ್ದಿಗೆ ಎದ್ದು ನಿಲ್ಲುವ ತರಗತಿಗಳು ಈ ಸೀಮೆಯಲ್ಲಿ ವಿರಳವಲ್ಲ.

ಈ ವಸತಿಗಳಿಗೆ ಜನರು ಇಟ್ಟ ಹೆಸರು 'ಕ್ಯಾಂಪು'. ಡೇರೆ ಹಾಕಿ ಕೆಲಕಾಲ ಇದ್ದು ಏಳುವ ತಾಣವೆಂದು ಅದರ ಅರ್ಥ. ಡೇರೆ ಹೋಗಿ ಮನೆಯಾಯಿತು, ಗುಡಿಯಾಯಿತು, ಶಾಲೆಯಾಯಿತು. ದುರ್ಗಾಪೂಜೆಯ ಢಾಕಿನ ಸದ್ದು ಕನ್ನಡಿಗರ ಕಿವಿಗೂ ರೂಢಿಯಾಯಿತು. ಇಲ್ಲಿಯೇ ಹುಟ್ಟಿದವರಿಗೆ ಮೊಮ್ಮಕ್ಕಳಾದರು. ಹೆಸರು ಮಾತ್ರ ಕ್ಯಾಂಪಾಗಿಯೇ ಉಳಿಯಿತು. ಊರಿನ ಹೆಸರಾಗಿ ಅದು ಇರಲಿ, ಬಾಧಕವಿಲ್ಲ. ಶಾಲೆಯೊಳಗೆ "ಕ್ಯಾಂಪಿನ ಹುಡುಗ" ಎಂದು ಒಂದು ಮಗುವಿಗೆ ಅದು ವಿಶೇಷಣವಾಗಿ ಅಂಟಿಕೊಳ್ಳುವುದೇ ವಿಚಾರ ಮಾಡಬೇಕಾದ ಸಂಗತಿ. ಕೆಲವರ ಪಾಲಿಗಂತೂ ಒಂದು ದೇಶದ ಪೌರತ್ವವೇ ಸುಲಭಕ್ಕೆ ಕೈಗೂಡಲಿಲ್ಲ. ಪೌರತ್ವ ತಿದ್ದುಪಡಿ ಕಾಯಿದೆಯ ನಿಯಮಗಳು 2024ರಲ್ಲಿ ಜಾರಿಗೆ ಬಂದ ಮೇಲೆ ಸಿಂಧನೂರಿನ ಬಂಗಾಳಿ ವಸತಿಗಳ ಕೆಲವರಿಗೆ ಪ್ರಮಾಣಪತ್ರ ದೊರೆಯಿತು. ಆ ಕಾಯಿದೆಯ ಗುಣದೋಷಗಳನ್ನು ಚರ್ಚಿಸುವುದು ಈ ಲೇಖನದ ವಿಷಯವಲ್ಲ. ಆದರೆ ಅಜ್ಜನು ಅರ್ಜಿ ಹಿಡಿದು ಕಚೇರಿಗಳನ್ನು ಸುತ್ತಿದ ಮನೆಯಿಂದ ಬಂದ ಮಗುವಿನ ಮುಂದೆ ನಿಂತು ವಿಶ್ವಪೌರತ್ವದ ಮೇಲೆ ಭಾಷಣ ಮಾಡುವ ಉಪಾಧ್ಯಾಯನು ತನ್ನ ಮಾತನ್ನು ಎರಡು ಬಾರಿ ತೂಗಿ ನೋಡಬೇಕಾಗುತ್ತದೆ.

ಇನ್ನು ತರಗತಿಯ ಒಳಗಿನ ಮಾತು. ಉಕ್ತಲೇಖನ ಬರೆಸುವಾಗ ಬಂಗಾಳಿ ಮನೆಯ ಮಗು 'ವಿಷಯ' ಎಂಬಲ್ಲಿ 'ಬಿಶಯ' ಎಂದೂ, 'ವನ' ಎಂಬಲ್ಲಿ 'ಬನ' ಎಂದೂ ಬರೆಯುವುದುಂಟು. ಕೆಂಪುಶಾಯಿಯ ಗೆರೆ ಬೀಳುತ್ತದೆ. ಸುತ್ತಲಿನ ಮಕ್ಕಳು ನಗುತ್ತಾರೆ. ಮಗು ತಪ್ಪಿತೇ? ಲೇಖನಶುದ್ಧಿಯ ದೃಷ್ಟಿಯಿಂದ ತಪ್ಪಿತು, ತಿದ್ದಲೇಬೇಕು. ಆದರೆ ಏಕೆ ಹಾಗೆ ಬರೆಯಿತೆಂಬುದನ್ನು ಉಪಾಧ್ಯಾಯನು ಅರಿತಿರಬೇಕು. ಬಂಗಾಳಿಗರು ಸಂಸ್ಕೃತ ಶಬ್ದಗಳ ವಕಾರವನ್ನು ಬಕಾರವಾಗಿ ಉಚ್ಚರಿಸುತ್ತಾರೆ. ಶ, ಷ, ಸ ಮೂರನ್ನೂ ಬಹುಮಟ್ಟಿಗೆ ಶಕಾರವಾಗಿಯೇ ನುಡಿಯುತ್ತಾರೆ. ಅಕಾರವನ್ನು ಒಕಾರದತ್ತ ಹೊರಳಿಸುತ್ತಾರೆ. ಮಗು ತನ್ನ ಮನೆಯ ಕಿವಿಯಿಂದ ಕೇಳಿ ನಮ್ಮ ಲಿಪಿಯಲ್ಲಿ ಬರೆಯಿತು, ಅಷ್ಟೇ.

ಇದಕ್ಕಿಂತ ಸ್ವಾರಸ್ಯವಾದ ಮಾತು ಮುಂದಿದೆ. ವಕಾರ ಬಕಾರವಾಗುವುದು ಕನ್ನಡಕ್ಕೆ ಪರಕೀಯವೇ? ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಿ ತದ್ಭವಗಳಿಗಾಗಿಯೇ ಅಪಭ್ರಂಶ ಪ್ರಕರಣವೆಂಬ ಭಾಗವಿದೆ. ವನವು ಬನವಾದದ್ದು, ವರ್ಣವು ಬಣ್ಣವಾದದ್ದು, ವಸತಿಯು ಬಸದಿಯಾದದ್ದು, ವಂಧ್ಯೆ ಬಂಜೆಯಾದದ್ದು ನಮ್ಮ ಹಿರಿಯರ ಬಾಯಿಯಲ್ಲಿಯೇ. ಅಷ್ಟೇಕೆ, ವೃಷಭ ಎಂಬ ಶಬ್ದದ ಆದಿಯ ವಕಾರ ಬಕಾರವಾಗಿ, ಷಕಾರ ಸಕಾರವಾಗಿ, ಭಕಾರ ವಕಾರವಾಗಿ 'ಬಸವ' ಎಂಬ ಪದ ಹುಟ್ಟಿತು. ನಾವು ದಿನನಿತ್ಯ ಭಕ್ತಿಯಿಂದ ಉಚ್ಚರಿಸುವ ಹೆಸರು ಯಾವ ದಾರಿಯಿಂದ ಬಂತೋ ಅದೇ ದಾರಿಯಲ್ಲಿ ಪದ್ಮಾನದಿಯ ಆಚೆಯ ಮಗುವಿನ ನಾಲಗೆಯೂ ನಡೆದಿದೆ! 'ಬನ' ಎಂದು ಬರೆದ ಮಗುವಿಗೆ "ನೀನು ಬರೆದದ್ದು ತತ್ಸಮವಲ್ಲ, ಆದರೆ ಕನ್ನಡದ ತದ್ಭವ, ಇಲ್ಲಿ ತತ್ಸಮ ಬೇಕು" ಎಂದು ತಿಳಿಸಿದರೆ ತಿದ್ದುಪಡಿಯೂ ಆಯಿತು, ಮಗುವಿನ ಮಾನವೂ ಉಳಿಯಿತು, ನಕ್ಕ ಮಕ್ಕಳಿಗೆ ವ್ಯಾಕರಣದ ಒಂದು ಪಾಠವೂ ಆಯಿತು.

ತೆಲುಗು ಮನೆಯ ಮಕ್ಕಳ ವಿಷಯದಲ್ಲಿ ಕೆಲಸ ಇನ್ನೂ ಸುಲಭ. ಪ್ರೌಢಶಾಲೆಯಲ್ಲಿ ಹಳಗನ್ನಡ ಪದ್ಯವೆಂದರೆ ಕನ್ನಡದ ಮಕ್ಕಳೇ ಹಿಂಜರಿಯುತ್ತಾರೆ. ಪಾಲ್, ಪುಲಿ, ಪಾವು, ಪೂ ಎಂಬ ರೂಪಗಳನ್ನು ಕಂಡು ಇದಾವ ಭಾಷೆಯೆಂದು ಕೇಳುತ್ತಾರೆ. ಹತ್ತನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಪಕಾರ ಹಕಾರವಾಗುತ್ತ ಬಂದು ಹಾಲು, ಹುಲಿ, ಹಾವು, ಹೂ ಎಂದಾದವು. ತೆಲುಗಿನಲ್ಲಿ ಅವು ಇಂದಿಗೂ ಪಾಲು, ಪುಲಿ, ಪಾಮು, ಪುವ್ವು. ಆದುದರಿಂದ ಹಳಗನ್ನಡದ ಗಂಟೆಯಲ್ಲಿ ತೆಲುಗಿನ ಹುಡುಗಿಯನ್ನು ಎಬ್ಬಿಸಿ "ನಿಮ್ಮ ಮನೆಯಲ್ಲಿ ಹಾಲಿಗೆ ಏನೆನ್ನುತ್ತೀರಿ?" ಎಂದು ಕೇಳಿದರೆ ಪಂಪನ ಕಾಲದ ಪಕಾರ ಅವಳ ಬಾಯಿಯಿಂದಲೇ ಬರುತ್ತದೆ. ಕಿವಿಗೆ ಚೆವಿ, ಕೆರೆಗೆ ಚೆರುವು ಎಂದು ಅವರು ಹೇಳುವಾಗ ನಮ್ಮ ಕಕಾರ ಅಲ್ಲಿ ಚಕಾರವಾದದ್ದನ್ನೂ ತೋರಿಸಬಹುದು. ಒಂದು ಕಡೆ ನಾವು ಹಳೆಯದನ್ನು ಉಳಿಸಿಕೊಂಡಿದ್ದೇವೆ, ಮತ್ತೊಂದು ಕಡೆ ಅವರು. ಈ ಕ್ರಮದಿಂದ ಪಾಠ ಮಾಡಿದಾಗಲೆಲ್ಲ, ಸದಾ ಹಿಂದಿನ ಸಾಲಿನಲ್ಲಿ ಮೌನವಾಗಿರುವ ಮಕ್ಕಳು ಮಾತನಾಡತೊಡಗಿದ್ದನ್ನು ನಾನು ಕಂಡಿದ್ದೇನೆ.

ಲಂಬಾಣಿಗೆ ಸ್ವಂತ ಲಿಪಿಯಿಲ್ಲ. ಆದ್ದರಿಂದಲೇ ಅದು ಭಾಷೆಯೇ ಅಲ್ಲವೆಂಬ ತಪ್ಪು ಅಭಿಪ್ರಾಯ ಕೆಲವು ವಿದ್ಯಾವಂತರಲ್ಲಿಯೂ ಇದೆ. ಅದು ರಾಜಸ್ಥಾನದ ನುಡಿಗಳ ಬಂಧು. ಅವರ 'ಪಾಣಿ' ನಮ್ಮ ಪಾನೀಯಕ್ಕೂ ಪಾನಕಕ್ಕೂ ನೆಂಟ. 'ದಾಂತ್' ದಂತಕ್ಕೆ, 'ಹಾತ್' ಹಸ್ತಕ್ಕೆ. ಉರ್ದುವಿನ ಋಣವನ್ನಂತೂ ಬೆಳಗಿನ ಮೊದಲ ಗಂಟೆಯಲ್ಲಿಯೇ ತೀರಿಸತೊಡಗುತ್ತೇವೆ. ಹಾಜರಿ ಕರೆಯುತ್ತೇವೆ, ಕುರ್ಚಿಯ ಮೇಲೆ ಕೂರುತ್ತೇವೆ, ಕಾಗದದ ಮೇಲೆ ಬರೆಸುತ್ತೇವೆ, ಕೊನೆಗೆ ರಜೆ ಕೊಡುತ್ತೇವೆ. ಇವೆಲ್ಲ ಅರಬ್ಬೀ, ಫಾರಸೀ ಮೂಲದ ಶಬ್ದಗಳು. ದಾನಿಗಳು ಶಾಲೆಗೆ ಕೊಟ್ಟ ಜಮೀನು, ಅದರ ದಾಖಲೆ, ಅದರ ಖಾತೆ ಎಲ್ಲವೂ ಅದೇ ಮೂಲದವು. ಮನೆಯ ಚಾವಿಯನ್ನೂ ಬಟ್ಟೆಯ ಇಸ್ತ್ರಿಯನ್ನೂ ಪೋರ್ತುಗೀಜರಿಂದ ಪಡೆದೆವು. ಕನ್ನಡವು ಇವನ್ನೆಲ್ಲ ಉಂಡು ಅರಗಿಸಿಕೊಂಡು ಪುಷ್ಟವಾಗಿದೆಯೇ ಹೊರತು ಕೃಶವಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದುದಲ್ಲ. "ಈ ಸೀಮೆಯಲ್ಲಿ ಕನ್ನಡವೇ ಬಹುಕಾಲ ಅನಾಥವಾಗಿತ್ತು. ಕಷ್ಟಪಟ್ಟು ಉಳಿಸಿಕೊಂಡ ನುಡಿಗೆ ಕನ್ನಡದ ಗಂಟೆಯಲ್ಲಿಯೂ ಪಾಲುದಾರರನ್ನು ಕರೆಯಬೇಕೆ?" ಎಂದು ಹಿರಿಯ ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. 1948ರ ಸೆಪ್ಟೆಂಬರಿನವರೆಗೆ ರಾಯಚೂರು ಜಿಲ್ಲೆ ನಿಜಾಮನ ಆಳ್ವಿಕೆಯಲ್ಲಿತ್ತು. ಸರ್ಕಾರದ ವ್ಯವಹಾರವೂ ಉನ್ನತ ಶಿಕ್ಷಣವೂ ಉರ್ದುವಿನಲ್ಲಿದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನ ಮಾಧ್ಯಮವೇ ಅದಾಗಿತ್ತು. ಮನೆಮಾತು ಬೇರೆ, ಶಾಲೆಯ ಮಾತು ಬೇರೆಯಾದಾಗ ಮಗುವಿನ ಮನಸ್ಸು ಹೇಗೆ ಮುದುಡುತ್ತದೆಂಬುದನ್ನು ನಮ್ಮ ತಂದೆತಾತಂದಿರು ಅನುಭವಿಸಿ ಬಲ್ಲರು. ಆ ನೋವಿನಿಂದ ಎರಡು ಪಾಠಗಳನ್ನು ಕಲಿಯಬಹುದು. ನಮಗಾದದ್ದು ಈಗ ಇತರರಿಗೂ ಆಗಲಿ ಎಂಬುದು ಒಂದು. ಯಾವ ಮಗುವಿಗೂ ಆಗದಿರಲಿ ಎಂಬುದು ಮತ್ತೊಂದು. ಮಠದ ನೆರಳಿನಲ್ಲಿ, ದಾಸೋಹದ ಪಂಕ್ತಿಯಲ್ಲಿ ಬೆಳೆದ ಶಾಲೆಗೆ ಯಾವುದು ಸಲ್ಲುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಡವನ್ನು ಸಡಿಲಗೊಳಿಸಬೇಕೆಂಬುದು ನನ್ನ ಅಭಿಪ್ರಾಯವೆಂದು ಯಾರೂ ಭಾವಿಸಬಾರದು. ಬಂಗಾಳಿ ಮಗುವೂ ತಾಂಡಾದ ಮಗುವೂ ಶುದ್ಧವಾದ ಕನ್ನಡವನ್ನು ಓದಿ ಬರೆಯಲೇಬೇಕು. ನೆಲದ ನುಡಿ ಬಾರದವನಿಗೆ ನೆಲದಲ್ಲಿ ಪಾಲು ಪೂರ್ಣವಾಗಿ ದೊರೆಯುವುದಿಲ್ಲ. ಅದನ್ನು ಕಲಿಸಲು ಅವರ ಮನೆಯ ಬಾಗಿಲಿನಿಂದ ಹೊರಡುವುದೇ ಹತ್ತಿರದ ದಾರಿ ಎಂಬುದಷ್ಟೇ ನನ್ನ ವಾದ.

ಈ ಐದು ನುಡಿಗಳ ಮಕ್ಕಳನ್ನೂ ಒಟ್ಟಿಗೆ ನಿಲ್ಲಿಸಿ ಪಾಠ ಹೇಳಬಹುದಾದ ಕರಿಹಲಗೆಯೊಂದು ನಮ್ಮ ನೆರೆಯಲ್ಲಿಯೇ ಇದೆ. ಅದು ಮಸ್ಕಿಯ ಬಂಡೆ. ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ, ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯಲ್ಲಿ, 1915ರಲ್ಲಿ ಚಿನ್ನದ ಗಣಿಗಳ ಇಂಜಿನಿಯರ್ ಬೀಡನ್ ಎಂಬವರು ಅಶೋಕನ ಶಾಸನವನ್ನು ಪತ್ತೆಮಾಡಿದರು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಇಲ್ಲಿ ಅಶೋಕನೆಂಬ ಹೆಸರೇ ಇದ್ದುದರಿಂದ ಆ ಅರಸನಾರೆಂಬುದು ದೃಢಪಟ್ಟಿತು. ಇಷ್ಟನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಶಾಸನದ ಒಳಗಿನ ಮಾತು ಇನ್ನೂ ದೊಡ್ಡದು: ಈ ಶ್ರೇಯಸ್ಸು ಹಿರಿಯರಿಗಷ್ಟೇ ಸಾಧ್ಯವೆಂದು ತಿಳಿಯಬಾರದು, ಕಿರಿಯರಿಗೂ ಸಾಧ್ಯ ಎಂಬುದು ಅದರ ಆಶಯ.

ಅದರ ಲಿಪಿ ಬ್ರಾಹ್ಮಿ. ಕನ್ನಡ, ತೆಲುಗು, ಬಂಗಾಳಿ ಮೂರೂ ಲಿಪಿಗಳ ಮೂಲ ಅದೇ. ಬ್ರಾಹ್ಮಿಯಲ್ಲಿ ಕಕಾರವು ಕೂಡಿಸುವ ಚಿಹ್ನೆಯಂತೆ ಇರುತ್ತದೆ, ಠಕಾರವು ಒಂದು ದುಂಡು ಬಳೆ. ಇಂದಿನ ಮೂರು ಲಿಪಿಗಳ ಠಕಾರವನ್ನು ಪಕ್ಕಪಕ್ಕದಲ್ಲಿ ಬರೆಸಿದರೆ ಆ ಬಳೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೀರಿ ಹೇಗೆ ಉರುಳಿಬಂದಿದೆ ಎಂಬುದು ಕಾಣುತ್ತದೆ. ಹಾಗಾದರೆ ಉರ್ದು ಬರೆಯುವ ಮಗು ಹೊರಗುಳಿಯಿತೇ? ಇಲ್ಲ. ಇದೇ ಅಶೋಕನು ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆಸಿದ ಶಾಸನ 1958ರಲ್ಲಿ ದೊರೆಯಿತು. ಆ ಅರಾಮಿಕ್ ಲಿಪಿಯ ಸಂತತಿಯಲ್ಲಿಯೇ ಮುಂದೆ ಅರಬ್ಬೀ ಲಿಪಿ, ಅದರಿಂದ ಉರ್ದು ಲಿಪಿ ಬಂದವು. ಒಬ್ಬನೇ ಅರಸನು ಆಯಾ ಸೀಮೆಯವರಿಗೆ ಪರಿಚಿತವಾದ ಲಿಪಿಯಲ್ಲಿ ಮಾತನಾಡಲು ಯತ್ನಿಸಿದನೆಂಬುದು ಗಮನಾರ್ಹ. ಆದರೆ ನಮ್ಮ ಮಸ್ಕಿಯಲ್ಲಿ ಅವನು ಬರೆಸಿದ್ದು ಪ್ರಾಕೃತದಲ್ಲಿ, ಇಲ್ಲಿನ ಜನರ ನುಡಿಯಲ್ಲಲ್ಲ. ಯಾರೋ ಓದಿ ಅರ್ಥ ಹೇಳಿರಬೇಕು. ಲಿಪಿಯೇ ಇಲ್ಲದ ಲಂಬಾಣಿ ಮಗುವಿಗೆ "ಅಂದು ನಾವೆಲ್ಲರೂ ನಿನ್ನಂತೆಯೇ ಇದ್ದೆವು" ಎಂದು ಹೇಳಲು ಇದಕ್ಕಿಂತ ತಕ್ಕ ಸ್ಥಳವಿಲ್ಲ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವನ್ನು ಬರೆದ ಲಿಪಿಕಾರ ಚಪಡನ ಸಂಗತಿಯನ್ನೂ ಮಕ್ಕಳಿಗೆ ತಿಳಿಸಬೇಕು. ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು, ಕೊನೆಯಲ್ಲಿ ತನ್ನ ಹೆಸರಿನ ಬಳಿ ತನ್ನ ವೃತ್ತಿಯನ್ನು ಹೇಳುವ ಮಾತನ್ನು ಅವನು ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದನು. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಊರು ಬಿಟ್ಟು ಅಷ್ಟು ದೂರ ಬಂದವನಿಗೆ ತನ್ನ ಅಕ್ಷರವನ್ನು ಒಮ್ಮೆಯಾದರೂ ಬರೆಯಬೇಕೆನಿಸಿತೋ ಏನೋ! ಕ್ಯಾಂಪಿನ ಮಕ್ಕಳಿಗೆ ಈ ಕತೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಮುದಗಲ್ಲಿನ ಮೊಹರಂ ಹಬ್ಬವನ್ನು ಕುರಿತೂ ಎರಡು ಮಾತು. ಅಲ್ಲಿ ಸರ್ವಮತದವರೂ ಸೇರುತ್ತಾರೆಂಬುದನ್ನು ಎಲ್ಲರೂ ಬಲ್ಲರು. ಕನ್ನಡ ಪಂಡಿತನಿಗೆ ಮುಖ್ಯವಾದದ್ದು ಈ ಭಾಗದ ರಿವಾಯತ್ ಪದಗಳು. ಇರಾಕ್ ದೇಶದ ಕರ್ಬಲಾದ ಕಥೆಯನ್ನು ನಮ್ಮ ಹಳ್ಳಿಗಳಲ್ಲಿ ಅಕ್ಷರವರಿಯದ ರೈತರು ಹೆಜ್ಜೆ ಹಾಕುತ್ತ ಕನ್ನಡದಲ್ಲಿಯೇ ಹಾಡುತ್ತಾರೆ. ಭೂಪಟದಲ್ಲಿ ಕರ್ಬಲಾವನ್ನು ತೋರಿಸುವ ಮೊದಲು ಈ ಹಾಡುಗಾರರಲ್ಲಿ ಒಬ್ಬರನ್ನು ಶಾಲೆಗೆ ಕರೆತಂದು ಕೇಳಿಸುವುದು ಲೇಸು.

ಇದಕ್ಕೆಲ್ಲ ದೊಡ್ಡ ವೆಚ್ಚವಿಲ್ಲ. ಎಂಟನೆಯ ತರಗತಿಗೆ ಒಂದು ದಪ್ಪ ಹೊತ್ತಿಗೆ ಸಾಕು. ಪುಟಕ್ಕೊಂದು ಕನ್ನಡ ಶಬ್ದ, ಅದರ ಕೆಳಗೆ ಉಳಿದ ನಾಲ್ಕು ಮನೆಮಾತಿನ ರೂಪಗಳನ್ನು ಕನ್ನಡ ಲಿಪಿಯಲ್ಲಿಯೇ ಮಕ್ಕಳು ಬರೆಯಬೇಕು. ತಿಳಿಯದಿದ್ದಲ್ಲಿ ಮನೆಗೆ ಹೋಗಿ ಅಜ್ಜಿಯನ್ನು ಕೇಳಿ ಬರಬೇಕು; ಓದುಬರಹವಿಲ್ಲದ ಆ ಅಜ್ಜಿಯೂ ಹೀಗೆ ಶಾಲೆಯ ಅಧ್ಯಾಪಕ ವರ್ಗಕ್ಕೆ ಸೇರಿದಂತಾಗುತ್ತದೆ. ದಾನಿಗಳಲ್ಲಿ ಯಾರಾದರೂ ವರ್ಷಕ್ಕೊಮ್ಮೆ ಮಸ್ಕಿಗೆ ಹೋಗಿಬರುವ ಬಸ್ಸಿನ ಬಾಡಿಗೆಯನ್ನು ವಹಿಸಿಕೊಂಡರೆ ಉಪಕಾರವಾಗುತ್ತದೆ. ದುರ್ಗದ ಗುಡ್ಡದ ಕಲ್ಲು ಬೇಸಿಗೆಯಲ್ಲಿ ಕಾಯುವುದರಿಂದ ಮಾರ್ಗಶಿರ ಅಥವಾ ಪುಷ್ಯ ಮಾಸದಲ್ಲಿ, ಎಳೆಬಿಸಿಲಿನಲ್ಲಿಯೇ ಮಕ್ಕಳನ್ನು ಹತ್ತಿಸಬೇಕು. ಬುತ್ತಿಯನ್ನು ಅವರವರ ಮನೆಯಿಂದಲೇ ತರಿಸುವುದು ಒಳ್ಳೆಯದು; ಜೋಳದ ರೊಟ್ಟಿಯೂ ಪುಳಿಹೋರವೂ ಒಂದೇ ಪಂಕ್ತಿಯಲ್ಲಿ ಬಿಚ್ಚಿಕೊಳ್ಳಲಿ.