ವರ್ಷಕ್ಕೆ 110 ಮಿ.ಮೀ. ಮಳೆ: ಅರೆಸಿಫೆ ಪಟ್ಟಣದ ಮಳೆ ಹಂಚಿಕೆ ಮತ್ತು ಸುತ್ತಲಿನ ಬೇಸಾಯ

ಒಣ ಬೇಸಾಯದಲ್ಲಿ ವರ್ಷಕ್ಕೆ ಒಟ್ಟು ಎಷ್ಟು ಮಳೆ ಬಿದ್ದಿತೆಂಬುದಕ್ಕಿಂತ ಅದು ಯಾವ ತಿಂಗಳಲ್ಲಿ, ಎಷ್ಟು ದಿನಗಳಲ್ಲಿ ಬಿದ್ದಿತು ಹಾಗೂ ಅದರಲ್ಲಿ ಎಷ್ಟು ಭಾಗ ಬೇರಿಗೆ ದಕ್ಕಿತು ಎಂಬುದು ಮುಖ್ಯ. ಇದಕ್ಕೆ ಒಳ್ಳೆಯ ನಿದರ್ಶನ ಅಟ್ಲಾಂಟಿಕ್ ಸಾಗರದ ಲಾನ್ಸರೋಟೆ ದ್ವೀಪ. ಇದು ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳಲ್ಲೊಂದು. (ಹೆಸರು ನಮ್ಮ ಕೆನರಾವನ್ನು ನೆನಪಿಗೆ ತಂದರೂ ಎರಡಕ್ಕೂ ಸಂಬಂಧವಿಲ್ಲ.) ಅರೆಸಿಫೆ ಇದರ ಮುಖ್ಯ ಪಟ್ಟಣ. ಆಫ್ರಿಕದ ಕರಾವಳಿ ಇಲ್ಲಿಂದ ಸುಮಾರು 130 ಕಿ.ಮೀ. ದೂರದಲ್ಲಿದೆ.

1981ರಿಂದ 2010ರವರೆಗಿನ ಸರಾಸರಿಯಂತೆ ಅರೆಸಿಫೆಯ ವಾರ್ಷಿಕ ಮಳೆ ಸುಮಾರು 110 ಮಿ.ಮೀ. ನಮ್ಮ ಚಳ್ಳಕೆರೆ ಒಣ ತಾಲ್ಲೂಕೆಂದು ಹೆಸರಾಗಿದ್ದರೂ ಅಲ್ಲಿ ಇದರ ನಾಲ್ಕು ಪಟ್ಟು ಮಳೆಯಾಗುತ್ತದೆ. ಅರೆಸಿಫೆಯಲ್ಲಿ ಈ ಮಳೆಯ ಹತ್ತರಲ್ಲಿ ಒಂಬತ್ತು ಪಾಲು ಅಕ್ಟೋಬರಿನಿಂದ ಮಾರ್ಚಿಯೊಳಗೆ ಬಿದ್ದುಹೋಗುತ್ತದೆ. ಅಕ್ಟೋಬರಿನಲ್ಲಿ 10, ನವೆಂಬರಿನಲ್ಲಿ 15 ಮಿ.ಮೀ. ಬಿದ್ದು, ಡಿಸೆಂಬರಿನಲ್ಲಿ ಅದು 29 ಮಿ.ಮೀ.ಗೆ ಏರುತ್ತದೆ. ಜನವರಿ, ಫೆಬ್ರವರಿಗಳಲ್ಲಿ 17-18 ಮಿ.ಮೀ. ಆಗಿ, ಮಾರ್ಚಿಯಲ್ಲಿ 13ಕ್ಕೆ ಇಳಿಯುತ್ತದೆ. ಏಪ್ರಿಲಿನಲ್ಲಿ 5 ಮಿ.ಮೀ. ಜೂನ್, ಜುಲೈ ತಿಂಗಳುಗಳಲ್ಲಿ ಮಳೆಯಿಲ್ಲವೆಂದೇ ಹೇಳಬೇಕು. ವರ್ಷದಲ್ಲಿ 1 ಮಿ.ಮೀ. ಅಥವಾ ಹೆಚ್ಚು ಮಳೆ ಬೀಳುವ ದಿನಗಳು ಹದಿನೈದು-ಹದಿನಾರು ಮಾತ್ರ.

ಸರಾಸರಿಯನ್ನು ಎಚ್ಚರಿಕೆಯಿಂದ ಓದಬೇಕು. ಮಳೆ ಇಷ್ಟು ಕಡಿಮೆಯಿರುವಲ್ಲಿ ಒಂದೇ ಒಂದು ಬಿರುಮಳೆ ಇಡೀ ತಿಂಗಳ ಸರಾಸರಿಯನ್ನು ಮೀರಬಲ್ಲುದು. ಮರುವರ್ಷ ಅದೇ ತಿಂಗಳು ಒಣಗಿಯೇ ಕಳೆಯಬಹುದು. ಡಿಸೆಂಬರಿನ 29 ಮಿ.ಮೀ.ಯನ್ನು ನಂಬಿ ಬಿತ್ತುವ ರೈತ ಮೋಸಹೋಗುವ ಸಂಭವವೇ ಹೆಚ್ಚು.

ಸುತ್ತಲೂ ಸಮುದ್ರವಿದ್ದೂ ಮಳೆಯೇಕಿಲ್ಲ? ಬೇಸಿಗೆಯುದ್ದಕ್ಕೂ ಇಲ್ಲಿ ಈಶಾನ್ಯದ ವಾಣಿಜ್ಯ ಮಾರುತಗಳು ಬಿಡದೆ ಬೀಸುತ್ತವೆ. ತಣ್ಣನೆಯ ಕೆನರಿ ಪ್ರವಾಹದ ಮೇಲೆ ಹಾಯ್ದು ಬರುವುದರಿಂದ ಕೆಳಪದರದ ಗಾಳಿ ತಂಪಾಗಿ, ಭಾರವಾಗಿ ಇರುತ್ತದೆ. ಅದರ ಮೇಲೆ ಬೆಚ್ಚಗಿನ ಒಣ ಗಾಳಿ ಮುಚ್ಚಳದಂತೆ ಕುಳಿತಿರುವುದರಿಂದ ಮೋಡಗಳು ಎತ್ತರಕ್ಕೆ ಬೆಳೆಯಲಾರವು. ನೆರೆಯ ಟೆನೆರಿಫೆ ದ್ವೀಪದ ಪರ್ವತ 3,700 ಮೀಟರಿಗೂ ಎತ್ತರವಿದ್ದು, ಈ ತೇವದ ಗಾಳಿಯನ್ನು ತಡೆದು ಮೇಲೆತ್ತುತ್ತದೆ. ಲಾನ್ಸರೋಟೆಯ ಅತಿ ಎತ್ತರದ ಶಿಖರ 671 ಮೀಟರು ಮಾತ್ರ. ಹೀಗಾಗಿ ಗಾಳಿ ದ್ವೀಪವನ್ನು ಸವರಿಕೊಂಡು ಹೋಗುತ್ತದೆ. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನ ವಾಯುಭಾರ ಕುಸಿತಗಳು ಇಷ್ಟು ದಕ್ಷಿಣಕ್ಕೆ ಇಳಿದಾಗ ಮಾತ್ರ ಮಳೆ.

ಇಂಥಲ್ಲಿಯೂ ದ್ರಾಕ್ಷಿ, ಈರುಳ್ಳಿ, ಕಡಲೆ, ಚನ್ನಂಗಿಬೇಳೆ ಬೆಳೆಯುತ್ತಾರೆ. ಇದರ ಹಿಂದಿರುವುದು ಒಂದು ಅನಾಹುತ. 1730ರಿಂದ 1736ರವರೆಗೆ ಇಲ್ಲಿ ಜ್ವಾಲಾಮುಖಿಗಳು ಸಿಡಿದು ಒಳ್ಳೆಯ ಹೊಲಗಳು ಲಾವಾ ಮತ್ತು ಕರಿಯ ಹರಳುಬೂದಿಯಡಿ ಹೂತುಹೋದವು. ಬೂದಿ ತೆಳುವಾಗಿ ಬಿದ್ದಲ್ಲಿ ಪೈರು ಮೊದಲಿಗಿಂತ ಚೆನ್ನಾಗಿ ಬರುವುದನ್ನು ರೈತರು ಕಂಡುಕೊಂಡರು. ‘ಪಿಕೋನ್’ ಎಂದು ಕರೆಯುವ ಈ ಹರಳುಬೂದಿಯನ್ನು ಮುಂದೆ ತಾವೇ ಹೊತ್ತುತಂದು ಹೊಲಕ್ಕೆ ಸುಮಾರು 10-15 ಸೆಂ.ಮೀ. ದಪ್ಪ ಹಾಸತೊಡಗಿದರು.

ಹರಳುಗಳ ನಡುವಿನ ಸಂದುಗಳು ದೊಡ್ಡವು. ಬಿರುಮಳೆ ಬಿದ್ದರೂ ನೀರು ಹರಿದುಹೋಗದೆ ತಕ್ಷಣ ಕೆಳಗಿಳಿಯುತ್ತದೆ. ಆದರೆ ಮಣ್ಣಿನ ಸೂಕ್ಷ್ಮನಾಳಗಳು ಹರಳುಪದರದ ತಳದಲ್ಲೇ ಕಡಿದುಹೋಗುವುದರಿಂದ ಅದೇ ನೀರು ಮೇಲೇರಿ ಆವಿಯಾಗಲಾರದು. ಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಗೊಳಿಸುವಾಗ ನಮ್ಮ ರೈತರು ಮಾಡುವುದೂ ಇದನ್ನೇ. ಹರಳುಬೂದಿ ರಾತ್ರಿ ಇಬ್ಬನಿ ಹೀರಿ ಗಿಡಕ್ಕೆ ಕೊಡುತ್ತದೆಂಬ ಮಾತು ಪ್ರಚಾರದಲ್ಲಿದೆ. ಆದರೆ ಮಳೆನೀರಿನ ಇಂಗುವಿಕೆ ಮತ್ತು ಆವಿಯ ತಡೆಗಳಿಗೆ ಹೋಲಿಸಿದರೆ ಇಬ್ಬನಿಯ ಪಾಲು ದೊಡ್ಡದೆಂದು ಭಾವಿಸಬೇಕಾಗಿಲ್ಲ.

ಬೂದಿ ಆಳವಾಗಿ ಬಿದ್ದಿರುವ ಲಾ ಹೇರಿಯಾ ಪ್ರದೇಶದಲ್ಲಿ ಹಳೆಯ ಮಣ್ಣು ಸಿಗುವವರೆಗೆ ಬಾಣಲೆಯಾಕಾರದ ಗುಂಡಿ ತೋಡಿ, ಅದರಲ್ಲಿ ಒಂದು ಅಥವಾ ಎರಡು ದ್ರಾಕ್ಷಿ ಬಳ್ಳಿ ನೆಡುತ್ತಾರೆ. ಗಾಳಿ ಬರುವ ದಿಕ್ಕಿಗೆ ಅರ್ಧಚಂದ್ರಾಕಾರದ ಕಲ್ಲುಕಟ್ಟೆ. ಹೆಕ್ಟೇರಿಗೆ ಕೆಲವು ನೂರು ಬಳ್ಳಿಗಳಷ್ಟೇ. ಇಷ್ಟು ವಿರಳವಾಗಿ ನೆಡುವುದರ ಲೆಕ್ಕ ಸರಳವಾದುದು. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆಯೆಂದರೆ 1 ಲೀಟರು ನೀರು. ಹೆಕ್ಟೇರಿಗೆ 300 ಬಳ್ಳಿಗಳಿದ್ದರೆ ಪ್ರತಿ ಬಳ್ಳಿಗೆ 33 ಚದರ ಮೀಟರು ನೆಲ ದೊರೆಯುತ್ತದೆ, 110 ಮಿ.ಮೀ. ಮಳೆಯಲ್ಲಿ ಅದರ ಪಾಲಿಗೆ 3,600 ಲೀಟರು. ಅದೇ ಹೆಕ್ಟೇರಿನಲ್ಲಿ 3,000 ಬಳ್ಳಿ ನೆಟ್ಟರೆ ಒಂದಕ್ಕೆ 360 ಲೀಟರು ಮಾತ್ರ. ಒಂದು ಬಳ್ಳಿಯೂ ನೆಟ್ಟಗೆ ಬಾರದು. ಮಳೆ ಕೈಕೊಟ್ಟ ವರ್ಷ ಜೋಳ, ಸಜ್ಜೆಯ ಸಾಲುಗಳನ್ನು ತೆಳುಗೊಳಿಸಲು ಹಿಂಜರಿಯುವವರು ಈ ಲೆಕ್ಕವನ್ನು ತಮ್ಮ ಹೊಲಕ್ಕೂ ಹಾಕಿ ನೋಡಬಹುದು.

ಕೊಪ್ಪಳ, ಗದಗ ಜಿಲ್ಲೆಗಳ ಕೆಲವು ಊರುಗಳಲ್ಲಿ ಎರೆಹೊಲಕ್ಕೆ ಹಳ್ಳದ ಉಸುಕು ಹಾಸುವ ರೂಢಿಯಿದೆ. ತತ್ತ್ವ ಒಂದೇ. ಉಸುಕಿನಡಿಯಲ್ಲಿ ಎರೆ ಬೇಗ ಬಿರಿಯುವುದಿಲ್ಲ, ಹದ ಹೆಚ್ಚು ದಿನ ನಿಲ್ಲುತ್ತದೆ. ಆದರೆ ಎರಡು ಕಡೆಯ ಹವೆಯಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. ಲಾನ್ಸರೋಟೆಯ ಮಳೆ ಬೀಳುವುದು ತಂಪಿನ ಕಾಲದಲ್ಲಿ. ನಮ್ಮಲ್ಲಿ ಜೂನಿನ ಮಳೆಯನ್ನು ಬಿಸಿಲೂ ಗಾಳಿಯೂ ಬೇಗ ಹೀರಿಬಿಡುತ್ತವೆ. ಆದ್ದರಿಂದ ಉಸುಕಿನ ಪೂರ್ಣ ಲಾಭ ಸೆಪ್ಟೆಂಬರ್-ಅಕ್ಟೋಬರಿನ ಮಳೆಯನ್ನು ಹಿಡಿದಿಟ್ಟು ಹಿಂಗಾರಿ ಬೆಳೆ ತೆಗೆಯುವಲ್ಲಿ ಕಂಡುಬರುತ್ತದೆ.

ಹೊದಿಕೆ ಶಾಶ್ವತವಲ್ಲ. ಉಳುಮೆ ಆಳವಾದರೆ ಹರಳು ಮಣ್ಣಿನೊಡನೆ ಬೆರೆತು ಸಂದುಗಳು ತುಂಬಿಕೊಳ್ಳುತ್ತವೆ. ಆಗ ಹೊಸ ಪದರ ಹಾಸಬೇಕು. ಲಾನ್ಸರೋಟೆಯಲ್ಲಿ ಇದು ದುಬಾರಿಯ ಕೆಲಸ. ನಮ್ಮಲ್ಲಿಯೂ ಹಳ್ಳದ ಉಸುಕಿಗೆ ಇಂದು ಬೆಲೆಯೂ ಕಟ್ಟುಪಾಡೂ ಹೆಚ್ಚು. ಹಾಸಿದವರು ನೇಗಿಲನ್ನು ದೂರವಿಟ್ಟು, ಕೂರಿಗೆಯಿಂದ ಬಿತ್ತಿ, ಕಳೆಯನ್ನು ಕೈಯಿಂದ ಕಿತ್ತು ತೆಗೆಯುವುದು ಲೇಸು.