ಬಿಸಿಲಿಗೆ ಹಚ್ಚುವ ಕ್ರೀಮು: ಮನೆಯಲ್ಲಿ ಕಲಸುವುದೋ, ಅಂಗಡಿಯಿಂದ ತರುವುದೋ?

ಏಪ್ರಿಲ್ 24ರ ಆಸುಪಾಸಿನ ದಿನ, ಮಧ್ಯಾಹ್ನ ಹನ್ನೆರಡೂಕಾಲರ ಹೊತ್ತಿಗೆ ಬೆಂಗಳೂರಿನ ಯಾವುದಾದರೂ ತಾರಸಿಯ ಮೇಲೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಅದಕ್ಕೆ ನೆರಳೇ ಬೀಳುವುದಿಲ್ಲ. ಸೂರ್ಯ ನಡುನೆತ್ತಿಗೆ ಬರುವ ಈ ‘ಶೂನ್ಯ ನೆರಳಿನ ದಿನ’ ಅದೇ ಅಕ್ಷಾಂಶದ ಹಾಸನ, ಮಂಗಳೂರುಗಳಿಗೂ ಹೆಚ್ಚುಕಡಿಮೆ ಆಗಲೇ ಬರುತ್ತದೆ. ಮೇ ಎರಡನೇ ವಾರದ ಹೊತ್ತಿಗೆ ಬೀದರ್ ಮುಟ್ಟುತ್ತದೆ. ಆಗಸ್ಟ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಮರಳುವಾಗ ಇನ್ನೊಂದು ಸಲ.

ಕೋಲಿನ ನೆರಳು ಕುಗ್ಗುವ ಈ ದಿನಗಳಲ್ಲೇ ಮೊಬೈಲಿನಲ್ಲಿ ಒಂದು ಬಗೆಯ ವಿಡಿಯೊ ಹರಿದಾಡತೊಡಗುತ್ತದೆ. ತೆಂಗಿನೆಣ್ಣೆ, ಜೇನುಮೇಣ, ಲೋಳೆಸರ, ಒಂದೆರಡು ಚಮಚ ಜಿಂಕ್ ಆಕ್ಸೈಡ್ ಪುಡಿ. ಒಲೆಯ ಮೇಲೆ ಹತ್ತು ನಿಮಿಷ. ‘ರಾಸಾಯನಿಕವಿಲ್ಲದ ಸನ್‌ಸ್ಕ್ರೀನ್ ರೆಡಿ!’ ಸೀಗೆಕಾಯಿ ಕುಟ್ಟಿ, ಕಾಡಿಗೆ ಕಟ್ಟಿ, ಕಡಲೆಹಿಟ್ಟು ಕಲಸಿ ಬೆಳೆದ ನಮಗೆ ಇದೂ ಒಲಿದೀತು ಅನ್ನಿಸುವುದು ಸಹಜ. ಒಲಿಯುತ್ತದೆಯೇ? ಹಂತ ಹಂತವಾಗಿ ನೋಡೋಣ.

ಸೀಗೆಕಾಯಿಗೂ ಸನ್‌ಸ್ಕ್ರೀನಿಗೂ ಇರುವ ವ್ಯತ್ಯಾಸ

ಸೀಗೆಕಾಯಿ ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಕೂದಲು ಒಣಗುವ ಮೊದಲೇ ಬೆರಳು ಹೇಳುತ್ತದೆ. ಬಿಸಿಲಿನ ಕ್ರೀಮು ಹಾಗಲ್ಲ. ನಮ್ಮನ್ನು ಸುಡುವ ನೇರಳಾತೀತ ಕಿರಣ ಕಣ್ಣಿಗೆ ಕಾಣದು, ಮೈಗೆ ಗೊತ್ತಾಗದು. ಬಿಸಿಲಿನಲ್ಲಿ ನಿಂತಾಗ ಮೈಗೆ ತಟ್ಟುವ ಶಾಖವೇ ಬೇರೆ, ಅದು ಅವಕೆಂಪು ಕಿರಣದ್ದು. ಹಾಗಾಗಿ ಹಚ್ಚಿದ ಲೇಪ ತಂಪೆನಿಸಿದ ಮಾತ್ರಕ್ಕೆ ರಕ್ಷಣೆ ಸಿಕ್ಕಿತೆಂದು ಅರ್ಥವಿಲ್ಲ.

ನೇರಳಾತೀತದಲ್ಲಿ ನಮಗೆ ಸಂಬಂಧಿಸಿದ್ದು ಎರಡು ಬಗೆ. ಯುವಿ-ಬಿ ಚರ್ಮವನ್ನು ಸುಟ್ಟು ಕೆಂಪಾಗಿಸುತ್ತದೆ. ಅದರ ಉರಿ ತಿಳಿಯುವುದು ಕೆಲವು ಗಂಟೆಗಳ ನಂತರ. ಯುವಿ-ಎ ಇನ್ನೂ ಆಳಕ್ಕಿಳಿಯುತ್ತದೆ, ಕಿಟಕಿಯ ಗಾಜನ್ನೂ ದಾಟುತ್ತದೆ. ಚರ್ಮ ಕಪ್ಪಾಗುವುದು, ಬಂಗು ಹೆಚ್ಚುವುದು, ಬೇಗ ಸುಕ್ಕುಗಟ್ಟುವುದು ಇವುಗಳಲ್ಲಿ ಅದರ ಪಾಲು ದೊಡ್ಡದು. ಲೇಪ ಸೋತಿತೆಂಬ ಸುದ್ದಿ ಒಂದು ಕಿರಣದಿಂದ ಸಂಜೆಗೆ ಬರುತ್ತದೆ, ಇನ್ನೊಂದರಿಂದ ಹತ್ತು ವರ್ಷಕ್ಕೆ. ಕೈಯಲ್ಲಿ ಪರೀಕ್ಷಿಸಲಾಗದ ವಸ್ತುವನ್ನು ನಂಬಬೇಕಾದರೆ ಬೇರೆ ಯಾರಾದರೂ ಪರೀಕ್ಷಿಸಿರಬೇಕು. ಮನೆಯ ಡಬ್ಬಿಗೂ ಅಂಗಡಿಯ ಟ್ಯೂಬಿಗೂ ಇರುವ ಅಂತರ ಇಷ್ಟೇ. ಆದರೆ ಇದು ಸಣ್ಣ ಅಂತರವಲ್ಲ.

ಮನೆಯ ಡಬ್ಬಿ ಎಡವುವುದು ಎಲ್ಲಿ?

ಜಿಂಕ್ ಆಕ್ಸೈಡ್ ನಿಜಕ್ಕೂ ಒಳ್ಳೆಯ ವಸ್ತು. ಎರಡೂ ಬಗೆಯ ಕಿರಣವನ್ನು ತಡೆಯುತ್ತದೆ. ದಕ್ಷಿಣ ಆಫ್ರಿಕಾದ ವೇಗಿ ಅಲನ್ ಡೊನಾಲ್ಡ್ ಕೆನ್ನೆ, ಮೂಗಿಗೆ ಬಿಳಿ ಬಳಿದುಕೊಂಡು ಓಡಿಬರುತ್ತಿದ್ದುದು ನೆನಪಿದೆಯೇ? ಅದು ಈ ಜಿಂಕ್‌ನ ಲೇಪ. ತೊಡಕಿರುವುದು ಅದನ್ನು ಕಲಸುವುದರಲ್ಲಿ.

ಮೊದಲನೆಯದು, ಗಂಟು. ಉಪ್ಪಿಟ್ಟಿನ ರವೆ ಗಂಟಾದರೆ ಸೌಟಿಗೆ ತಿಳಿಯುತ್ತದೆ. ಜಿಂಕ್‌ನ ಕಣಗಳು ಒಂದಕ್ಕೊಂದು ಅಂಟಿ ಕಟ್ಟುವ ಗಂಟು ಕಣ್ಣಿಗೆ ಕಾಣುವುದಿಲ್ಲ. ಚರ್ಮದ ಮೇಲೆ ಒಂದು ಕಡೆ ಗಂಟು ಕೂತರೆ ಪಕ್ಕದಲ್ಲಿ ಬಯಲು. ಕಿರಣ ನುಗ್ಗುವುದು ಆ ಬಯಲಿನಿಂದ. ಕಾರ್ಖಾನೆಯಲ್ಲಿ ಇದನ್ನು ಬಿಡಿಸಲು ಅರೆಯುವ ಯಂತ್ರ, ಕಣಗಳನ್ನು ಹರಡಿಟ್ಟುಕೊಳ್ಳುವ ಸಾಮಗ್ರಿ ಇರುತ್ತವೆ. ಮನೆಯ ಮಿಕ್ಸಿಗೆ ಅದು ಸಾಧ್ಯವಿಲ್ಲ.

ಎರಡನೆಯದು, ತೂಕ. ಉದುರಾಗಿ ತುಂಬಿದ ಚಮಚಕ್ಕೂ ಒತ್ತಿ ತುಂಬಿದ ಚಮಚಕ್ಕೂ ಪುಡಿಯ ತೂಕದಲ್ಲಿ ಬಹಳ ವ್ಯತ್ಯಾಸ. ಜೊತೆಗೆ ಜಿಂಕ್ ಆಕ್ಸೈಡ್ ನೀರಿಗಿಂತ ಐದೂವರೆ ಪಟ್ಟು ಭಾರ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ. ಮೇಣ ಕಡಿಮೆ ಬಿದ್ದ ಡಬ್ಬಿಯಲ್ಲಿ, ನಮ್ಮ ಬೇಸಿಗೆಗೆ, ಪುಡಿ ತಳ ಸೇರುತ್ತದೆ. ಮೇಲಿನಿಂದ ತೆಗೆದು ಹಚ್ಚಿಕೊಂಡಿದ್ದು ಬರೀ ಎಣ್ಣೆ.

ಮೂರನೆಯದು, ಹಳಸು. ಲೋಳೆಸರ, ಪನ್ನೀರು ಬೆರೆಸಿದ ಕಲಸು ನೀರಿನ ಪದಾರ್ಥ. ಸಂರಕ್ಷಕವಿಲ್ಲದೆ ಅದರಲ್ಲಿ ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯಲು ಹೆಚ್ಚು ದಿನ ಬೇಕಿಲ್ಲ.

ನಾಲ್ಕನೆಯದು, ಪರೀಕ್ಷೆ. ಎಸ್‌ಪಿಎಫ್ ಎಂಬ ರಕ್ಷಣೆಯ ಅಂಕಿ ಸುಮ್ಮನೆ ಬರೆದದ್ದಲ್ಲ. ಐಎಸ್‌ಒ 24444 ಎಂಬ ಅಂತರರಾಷ್ಟ್ರೀಯ ವಿಧಾನದ ಪ್ರಕಾರ ಕನಿಷ್ಠ 10 ಜನರ ಬೆನ್ನಿನ ಮೇಲೆ, ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪ ಹಚ್ಚಿ, ಅಳೆದ ಬೆಳಕು ಬಿಟ್ಟು ಲೆಕ್ಕ ಹಾಕುತ್ತಾರೆ. ಅಡುಗೆಮನೆಯ ಡಬ್ಬಿಯ ಮೇಲೆ ‘30’ ಎಂದು ಬರೆದರೆ ಅದು ಊಹೆ, ಅಷ್ಟೇ.

‘ತೆಂಗಿನೆಣ್ಣೆಗೇ ಎಸ್‌ಪಿಎಫ್ 7 ಇದೆಯಂತೆ’ ಎಂಬ ಮಾತಿಗೂ ಒಂದು ಮೂಲವಿದೆ. ರಾಯಪುರದ ಸಂಶೋಧಕರ 2010ರ ಅಧ್ಯಯನದಲ್ಲಿ ಅಂಥ ಅಂಕಿ ಬಂದಿತ್ತು. ಆದರೆ ಅದು ಎಣ್ಣೆಯನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಉಪಕರಣದಲ್ಲಿ ಅಳೆದದ್ದು, ಚರ್ಮದ ಮೇಲೆ ಹಚ್ಚಿ ನೋಡಿದ್ದಲ್ಲ. 2019ರಲ್ಲಿ ‘ಹೆಲ್ತ್ ಕಮ್ಯುನಿಕೇಶನ್’ ನಿಯತಕಾಲಿಕದಲ್ಲಿ ಅಮೆರಿಕದ ಸಂಶೋಧಕರು ಪಿಂಟರೆಸ್ಟ್ ತಾಣದ ಮನೆ ಸನ್‌ಸ್ಕ್ರೀನ್‌ಗಳನ್ನು ಪರಿಶೀಲಿಸಿ ಬರೆದರು: ಶೇ 95ರಷ್ಟು ಪೋಸ್ಟ್‌ಗಳು ಇವನ್ನು ಹೊಗಳಿದ್ದವು, ಶೇ 68ರಷ್ಟು ಕೊಟ್ಟ ವಿಧಾನದಲ್ಲಿ ಸಾಕಷ್ಟು ರಕ್ಷಣೆಯೇ ಇರಲಿಲ್ಲ.

ಹಾಗಾದರೆ ಮನೆಯಲ್ಲಿ ಏನನ್ನೂ ಮಾಡಬಾರದೆಂದೇ? ಮಾಡಬೇಕು. ಮೊದಲ ಎರಡು ಹಂತ ಮನೆಯದೇ.

ಹಂತ 1: ನಿಮ್ಮ ನೆರಳನ್ನು ಅಳೆಯಿರಿ

ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ನೇರಳಾತೀತ ಕಿರಣ ಜೋರಾಗಿದೆ ಎಂದು ತಿಳಿಯಿರಿ. ನಮ್ಮಲ್ಲಿ ಬೇಸಿಗೆಯಲ್ಲಿ ಇದು ಬೆಳಿಗ್ಗೆ ಒಂಬತ್ತೂವರೆ ಹತ್ತರಿಂದ ಮಧ್ಯಾಹ್ನ ಮೂರರವರೆಗಿನ ಹೊತ್ತು. ಹವಾಮಾನದ ಆ್ಯಪ್‌ಗಳಲ್ಲಿ ‘ಯುವಿ ಸೂಚ್ಯಂಕ’ವೂ ಸಿಗುತ್ತದೆ. 3 ಮತ್ತು ಮೇಲಿದ್ದರೆ ರಕ್ಷಣೆ ಬೇಕು, 8 ಮುಟ್ಟಿದರೆ ಹೆಚ್ಚಿನ ಎಚ್ಚರ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಬೇಸಿಗೆಯ ನಡುಹಗಲಲ್ಲಿ ಅದು 11 ದಾಟುವುದು ಸಾಮಾನ್ಯ. ‘ಬೆಂಗಳೂರು ತಂಪು’ ಎಂದು ಮೈಮರೆಯಬೇಡಿ. ಎತ್ತರ ಸಾವಿರ ಮೀಟರ್ ಏರಿದಂತೆ ಈ ಕಿರಣ ಶೇ 10ರಷ್ಟು ಹೆಚ್ಚುತ್ತದೆ, ಬೆಂಗಳೂರು 900 ಮೀಟರ್‌ಗೂ ಮೇಲಿದೆ. ತೆಳು ಮೋಡವೂ ಕಿರಣವನ್ನು ಅಷ್ಟಾಗಿ ತಡೆಯದು.

ಹಂತ 2: ಮನೆಯ ಸನ್‌ಸ್ಕ್ರೀನ್ ಎಂದರೆ ಬಟ್ಟೆ

ತುಳುನಾಡಿನ ತೋಟಗಳಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ, ಬಯಲುಸೀಮೆಯ ಹೊಲಗಳಲ್ಲಿ ರುಮಾಲು, ಕಳೆ ಕೀಳುವ ಹೆಂಗಸರ ತಲೆಯ ಮೇಲೆ ಸೆರಗು, ಸೀರೆಯ ಮೇಲೆ ತುಂಬುತೋಳಿನ ಹಳೆ ಅಂಗಿ. ಕೈಯಲ್ಲೇ ಮಾಡಿದ, ಬೆವರಿಗೆ ಇಳಿಯದ, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕಿಲ್ಲದ ರಕ್ಷಣೆ ಇದು.

ಬಟ್ಟೆಯ ಪರೀಕ್ಷೆ ಸುಲಭ. ಬೆಳಕಿಗೆ ಹಿಡಿಯಿರಿ, ಆಚೆಯದು ಕಂಡಷ್ಟೂ ಕಿರಣ ಒಳಗೆ ಬರುತ್ತದೆ. ಒತ್ತಾಗಿ ನೇಯ್ದ, ಗಾಢ ಬಣ್ಣದ, ಸಡಿಲ ಬಟ್ಟೆ ಒಳ್ಳೆಯದು. ತೆಳು ಬಿಳಿ ಹತ್ತಿ ಸೆಕೆಗೆ ಹಿತ, ಆದರೆ ಕಿರಣಕ್ಕೆ ದುರ್ಬಲ. ನೆನೆದರೆ ಇನ್ನೂ ದುರ್ಬಲ. ಟೊಪ್ಪಿಯ ಅಂಚು ಸುತ್ತಲೂ ಮೂರು ಇಂಚಾದರೂ ಇರಲಿ. ಕ್ರಿಕೆಟ್ ಕ್ಯಾಪು ಕಿವಿಯನ್ನೂ ಕತ್ತಿನ ಹಿಂಬದಿಯನ್ನೂ ಕಾಯುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಕ್ರೀಮು ಬೇಡ. ನೆರಳು, ಬಟ್ಟೆ ಸಾಕು.

ಬಟ್ಟೆ ಮುಚ್ಚದ ಜಾಗ ಉಳಿಯಿತಲ್ಲ, ಮುಖ, ಕತ್ತು, ಕಿವಿ, ಮುಂಗೈ? ಟ್ಯೂಬು ಬೇಕಾಗುವುದು ಅಷ್ಟಕ್ಕೆ ಮಾತ್ರ.

ಹಂತ 3: ಅಂಗಡಿಯಲ್ಲಿ ಟ್ಯೂಬಿನ ಬೆನ್ನು ಓದಿ

* ಎಸ್‌ಪಿಎಫ್ 30 ಅಥವಾ ಹೆಚ್ಚು. ಇದು ಯುವಿ-ಬಿ ಲೆಕ್ಕ. ಸರಿಯಾಗಿ ಹಚ್ಚಿದರೆ 30 ಎಂಬುದು ನೂರರಲ್ಲಿ ಸುಮಾರು 97 ಪಾಲು ತಡೆದರೆ, 50 ಎಂಬುದು 98 ಪಾಲು. ಅಂಕಿ ಏರಿದಷ್ಟು ರಕ್ಷಣೆ ಏರುವುದಿಲ್ಲ, ದರ ಏರುತ್ತದೆ.
* ಪಿಎ+++ ಅಥವಾ ಪಿಎ++++, ಇಲ್ಲವೇ ‘ಬ್ರಾಡ್ ಸ್ಪೆಕ್ಟ್ರಮ್’ ಎಂಬ ಬರಹ. ಇದು ಯುವಿ-ಎ ಲೆಕ್ಕ. ಇದಿಲ್ಲದ ಟ್ಯೂಬು ಅರ್ಧ ಕೊಡೆ ಇದ್ದಂತೆ.
* ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಬಳಕೆಯ ಕೊನೆಯ ತಿಂಗಳು. ವಿದೇಶದ್ದಾದರೆ ಆಮದುದಾರರ ವಿಳಾಸ ಮತ್ತು ನೋಂದಣಿ ಸಂಖ್ಯೆ. ನಮ್ಮಲ್ಲಿ ಸನ್‌ಸ್ಕ್ರೀನು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮಾರಲು ತಯಾರಿಸುವವರಿಗೆ ಪರವಾನಗಿ ಕಡ್ಡಾಯ. ‘ನಮ್ಮನೆಯಲ್ಲೇ ಮಾಡಿದ್ದು’ ಎಂದು ಮೊಬೈಲಿನಲ್ಲಿ ಮಾರುವ ಡಬ್ಬಿಯ ಮೇಲೆ ಈ ಸಂಖ್ಯೆ ಇಲ್ಲದಿದ್ದರೆ ಕೊಳ್ಳಬೇಡಿ.
* ‘ನೈಸರ್ಗಿಕ’, ‘ಹರ್ಬಲ್’ ಪದಗಳಿಗೆ ಮರುಳಾಗಬೇಡಿ. ನಿಮಗೆ ಬೇಕಿರುವುದು ಚರ್ಮಕ್ಕಿಳಿಯದ ಖನಿಜದ ಬಗೆಯಾದರೆ ಪದಾರ್ಥಗಳ ಪಟ್ಟಿಯಲ್ಲಿ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಹುಡುಕಿ. ಅಂಗಡಿಯಲ್ಲಿ ಇದನ್ನು ‘ಮಿನರಲ್’ ಅಥವಾ ‘ಫಿಸಿಕಲ್’ ಎನ್ನುತ್ತಾರೆ. ಸೂಕ್ಷ್ಮ ಚರ್ಮದವರಿಗೂ ಇದೇ ವಾಸಿ.

ಖನಿಜದ್ದು ನಮ್ಮ ಬಣ್ಣದ ಮುಖದ ಮೇಲೆ ಸುಣ್ಣ ಬಳಿದಂತೆ ಕಾಣುತ್ತದೆಂಬ ದೂರು ನಿಜ. ಅದಕ್ಕೆ ‘ಟಿಂಟೆಡ್’ ಬಗೆ ಇದೆ. ಬಣ್ಣಕ್ಕಾಗಿ ಸೇರಿಸುವ ಕಬ್ಬಿಣದ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುವುದರಿಂದ ಬಂಗು ಇರುವವರಿಗೆ ಇದು ಎರಡು ರೀತಿಯಲ್ಲಿ ಲಾಭ. ಖನಿಜವಲ್ಲದ ಬಗೆಯ ಕ್ರೀಮುಗಳ ಕೆಲವು ಅಂಶ ರಕ್ತಕ್ಕೆ ಸೇರುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019 ಮತ್ತು 2020ರ ಅಧ್ಯಯನಗಳಲ್ಲಿ ತೋರಿಸಿತು. ಸೇರುವುದೆಂದರೆ ಹಾನಿ ಎಂದಲ್ಲ, ಬಳಕೆ ನಿಲ್ಲಿಸಬೇಡಿ ಎಂದೂ ಅದೇ ಹೇಳಿತು. ಅಳುಕಿದ್ದರೆ ಖನಿಜದ್ದನ್ನು ಆರಿಸಿಕೊಳ್ಳಿ.

ಹಂತ 4: ಹಚ್ಚುವ ಲೆಕ್ಕ

ಹೊಸ ಟ್ಯೂಬನ್ನು ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದೆರಡು ದಿನ ನೋಡಿ. ತುರಿ, ಕೆಂಪು ಬರದಿದ್ದರೆ ಮುಖಕ್ಕೆ ಹಚ್ಚಿ.

ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಒಂದೊಂದು ಗೆರೆ ಕ್ರೀಮು ಹಿಂಡಿ. ಇದು ಮುಖ ಮತ್ತು ಕತ್ತಿಗೆ ಬೇಕಾದ ಪ್ರಮಾಣ, ಸುಮಾರು ಒಂದು ಗ್ರಾಂ. ನಾವು ಸಾಮಾನ್ಯವಾಗಿ ಹಚ್ಚುವುದು ಇದರ ಅರ್ಧ ಅಥವಾ ಕಾಲು ಭಾಗ. ಆಗ ಟ್ಯೂಬಿನ ಮೇಲಿನ ಅಂಕಿ ಮುಖದ ಮೇಲೆ ಸಿಗುವುದಿಲ್ಲ. ಕಿವಿ, ಕತ್ತಿನ ಹಿಂಬದಿ, ಬೈಕ್ ಓಡಿಸುವವರು ಮುಂಗೈ ಮರೆಯಬೇಡಿ. ಹೊರಡುವ 15–20 ನಿಮಿಷ ಮೊದಲು ಹಚ್ಚಿ, ಬಿಸಿಲಿನಲ್ಲೇ ಇದ್ದರೆ ಎರಡು ತಾಸಿಗೊಮ್ಮೆ, ಬೆವರು ಒರೆಸಿದ ಮೇಲೆ, ಈಜಿದ ಮೇಲೆ ಮತ್ತೆ ಹಚ್ಚಿ. ಟ್ಯೂಬನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಡಬೇಡಿ.

ಖರ್ಚಿನ ಲೆಕ್ಕವನ್ನೂ ಹಾಕೋಣ. 50 ಗ್ರಾಂನ ಟ್ಯೂಬಿಗೆ 400 ರೂಪಾಯಿ ಎಂದಿಟ್ಟುಕೊಂಡರೆ ಮುಖ, ಕತ್ತಿಗೆ 50 ಸಲ. ಸಲಕ್ಕೆ 8 ರೂಪಾಯಿ. ದಿನಕ್ಕೆ ಎರಡು ಸಲ ಹಚ್ಚಿದರೆ 25 ದಿನಕ್ಕೆ ಖಾಲಿ. ನಿಮ್ಮ ಟ್ಯೂಬು ಆರು ತಿಂಗಳು ಬರುತ್ತಿದೆ ಎಂದರೆ ಅದು ಉಳಿತಾಯವಲ್ಲ, ಕಡಿಮೆ ಹಚ್ಚಿದ್ದು. ಎಂಟು ರೂಪಾಯಿ ದುಬಾರಿ ಅನ್ನಿಸಿದರೆ ಹಂತ 2ಕ್ಕೆ ಹಿಂತಿರುಗಿ: ಬಟ್ಟೆ ಹೆಚ್ಚು ಮುಚ್ಚಿದಷ್ಟೂ ಕ್ರೀಮು ಕಡಿಮೆ ಸಾಕು.

ಹಂತ 5: ಸಂಜೆಗೆ ಅಡುಗೆಮನೆ

ಬಿಸಿಲಿನಿಂದ ಬಂದ ಮೇಲೆ ಮನೆಮದ್ದಿಗೆ ಕೆಲಸವಿದೆ. ಚರ್ಮ ಉರಿಯುತ್ತಿದ್ದರೆ ತಣ್ಣೀರಿನ ಒದ್ದೆ ಬಟ್ಟೆ ಹತ್ತು ಹದಿನೈದು ನಿಮಿಷ, ಆಮೇಲೆ ಲೋಳೆಸರ. ಕ್ಯಾಲಮೈನ್ ಲೋಷನ್ ಕೂಡ ಹಿತ. ಅದರಲ್ಲಿ ಜಿಂಕ್ ಆಕ್ಸೈಡ್ ಇದ್ದರೂ ಅದನ್ನು ಸನ್‌ಸ್ಕ್ರೀನ್ ಎಂದು ಬೆಳಿಗ್ಗೆ ಹಚ್ಚಿಕೊಳ್ಳಬೇಡಿ. ಹೊಟ್ಟೆಗೆ ಮಜ್ಜಿಗೆ, ಪಾನಕ, ಎಳನೀರು. ಉರಿಯುವ ಚರ್ಮಕ್ಕೆ ಆಗಲೇ ಎಣ್ಣೆ ಸವರಬೇಡಿ, ಶಾಖ ಒಳಗೇ ನಿಲ್ಲುತ್ತದೆ. ನೀರುಗುಳ್ಳೆ ಎದ್ದರೆ, ಜ್ವರ ಬಂದರೆ ವೈದ್ಯರ ಬಳಿಗೆ ಹೋಗಿ.

ಒಂದು ಕೆಲಸ ಮಾತ್ರ ಎಂದೂ ಬೇಡ: ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗುವುದು. ನಿಂಬೆಯಲ್ಲಿರುವ ಫ್ಯೂರೊಕೌಮರಿನ್ ಎಂಬ ಅಂಶ ಬಿಸಿಲು ತಾಗಿದರೆ ಚರ್ಮವನ್ನು ಸುಟ್ಟಂತೆ ಮಾಡಿ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬಿಡುತ್ತದೆ. ತೊನ್ನು, ಲೂಪಸ್ ಇರುವವರು, ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ನುಂಗುತ್ತಿರುವವರು ಯಾವ ಮನೆ ಲೇಪವನ್ನೂ ನಂಬದೆ ಚರ್ಮವೈದ್ಯರನ್ನು ಕೇಳಿ.

ಈಗಾಗಲೇ ಕಲಸಿಟ್ಟಿದ್ದರೆ?

ವಿಡಿಯೊ ನೋಡಿ ಒಂದು ಡಬ್ಬಿ ಆಗಲೇ ತಯಾರಾಗಿದ್ದರೆ ಬೇಸರ ಬೇಡ. ಲೋಳೆಸರ, ಪನ್ನೀರು ಸೇರಿಸಿದ್ದರೆ ಚೆಲ್ಲಿಬಿಡಿ. ಬರೀ ತೆಂಗಿನೆಣ್ಣೆ, ಜೇನುಮೇಣ, ಔಷಧಿ ದರ್ಜೆಯ ಜಿಂಕ್ ಇದ್ದರೆ ಮುಚ್ಚಳದ ಮೇಲಿನ ‘ಸನ್‌ಸ್ಕ್ರೀನ್’ ಚೀಟಿ ಕಿತ್ತು ‘ಹಿಮ್ಮಡಿಗೆ’ ಎಂದು ಬರೆದು ಅಂಟಿಸಿ. ರಾತ್ರಿ ಮಲಗುವ ಮುನ್ನ ಒಡೆದ ಹಿಮ್ಮಡಿಗೆ ಹಚ್ಚಿ ಕಾಲುಚೀಲ ಹಾಕಿಕೊಳ್ಳಿ. ಆ ಕೆಲಸಕ್ಕೆ ಅದು ಒಳ್ಳೆಯ ಮುಲಾಮು. ಗುಣವಾಯಿತೋ ಇಲ್ಲವೋ ಎಂಬುದನ್ನು ನೀವೇ ಮುಟ್ಟಿ ನೋಡಬಹುದು.