ವಜ್ರದ ಮೈಗೆ ತೆಳುಪದರ ಕೂಡಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಕೊಂಕಲ್, ಶಹಾಪುರ, ಸುರಪುರದ ಕಡೆಯಿಂದ ವಿಜ್ಞಾನ ಓದಿ ಬೆಂಗಳೂರಿನಂಥ ಊರಿನ ಪ್ರಯೋಗಾಲಯ ಸೇರುವ ವಿದ್ಯಾರ್ಥಿಗಳು ಇದನ್ನು ಪೂರ್ತಿ ಓದಿದ ಮೇಲೆಯೇ ಕೈಗವಸು ಹಾಕಬೇಕು.

ನಿಮ್ಮ ಕಡೆಯ ಕೃಷ್ಣೆಯೇ ಮುಂದೆ ಆಂಧ್ರದ ಕೊಲ್ಲೂರಿನ ಹಳೆಯ ವಜ್ರದ ಗಣಿಗಳತ್ತ ಹರಿಯುತ್ತದೆ. ಪ್ರಯೋಗಾಲಯದ ವಜ್ರ ನದಿಯದಲ್ಲ, ಮೀಥೇನ್ ಮತ್ತು ಹೈಡ್ರೋಜನ್ ಅನಿಲದಿಂದ ಬೆಳೆಸಿದ್ದು. ಮೈಯಿಂದ ಸುಮಾರು 10 ನ್ಯಾನೋಮೀಟರ್ ಆಳದಲ್ಲಿ ಒಂದು ಸಾರಜನಕ ಪರಮಾಣು, ಅದರ ಪಕ್ಕ ಖಾಲಿ ಜಾಗ. ಹಸಿರು ಬೆಳಕು ಬಿದ್ದರೆ ಕೆಂಪಗೆ ಹೊಳೆಯುವ ಈ ತಾಣ ಹತ್ತಿರದ ಅಣುವಿನ ಕಾಂತಕ್ಷೇತ್ರವನ್ನು ಗುರುತಿಸುತ್ತದೆ. ದೂರ ಇಮ್ಮಡಿಯಾದರೆ ಆ ಕ್ಷೇತ್ರ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪದರ ತೆಳ್ಳಗಿರಲೇಬೇಕು ಎನ್ನುವುದು ಇದಕ್ಕೇ. ವಜ್ರಕ್ಕೆ ಏನೂ ಸುಲಭವಾಗಿ ಅಂಟದು. ಷಿಕಾಗೋ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಸುಮಾರು 2 ನ್ಯಾನೋಮೀಟರ್ ಅಲ್ಯುಮಿನಾ, ಅದರ ಮೇಲೆ ಸಿಲೇನ್, ಅದರ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಕೂಡಿಸಿ ಪ್ರೋಟೀನು, ಡಿಎನ್‌ಎ ಅಣುಗಳನ್ನು ಹಿಡಿದಿಟ್ಟು ತೋರಿಸಿತು.

ಮಾಡಬೇಕಾದ್ದು

ಪದರ ಕೂಡಿಸುವ ಮೊದಲು ವಜ್ರದ ಆಸಿಡ್ ತೊಳೆತವನ್ನು ಹೊಗೆ ಹೀರುವ ಕಪಾಟಿನೊಳಗೇ ಮಾಡಿ. ಮುಖಕವಚ, ಆಸಿಡ್ ಕೈಗವಸು, ಏಪ್ರನ್ ಕಡ್ಡಾಯ. ಜೊತೆಗೆ ಇನ್ನೊಬ್ಬರು ಇರಲೇಬೇಕು. ಪಿರಾನಾ ದ್ರಾವಣ ಮಾಡುವಾಗ ಸಲ್ಫ್ಯೂರಿಕ್ ಆಸಿಡ್‌ಗೆ ಹೈಡ್ರೋಜನ್ ಪೆರಾಕ್ಸೈಡನ್ನು ನಿಧಾನವಾಗಿ ಸೇರಿಸಿ.

ಆವಿ ಹಾಯಿಸುವ ಒಂದು ಸುತ್ತಿಗೆ ಅಲ್ಯುಮಿನಾ ಸುಮಾರು 0.1 ನ್ಯಾನೋಮೀಟರ್ ಬೆಳೆಯುತ್ತದೆ. 20 ಸುತ್ತು ಸಾಕು.

ಗ್ಲೈಕಾಲ್ ಪುಡಿಯ ಬಾಟಲಿಯನ್ನು ಫ್ರೀಜರಿನಿಂದ ತೆಗೆದು, ಕೋಣೆಯ ಬಿಸಿಗೆ ಬರುವ ತನಕ ಮುಚ್ಚಿಯೇ ಇಡಿ. ಇಲ್ಲದಿದ್ದರೆ ಗಾಳಿಯ ತೇವ ಒಳಗೆ ಇಳಿಯುತ್ತದೆ. ನೀರಿನಲ್ಲಿ ಕರಗಿಸಿದ ಕೂಡಲೇ ಬಳಸಿ. ಅದರ ಅಂಟುವ ತುದಿ ನೀರಿನಲ್ಲಿ ಕೆಡುತ್ತಾ ಹೋಗುತ್ತದೆ.

ಪ್ರೋಟೀನನ್ನು ಹಿಡಿಯಲು ಗ್ಲೈಕಾಲ್ ತುದಿಗೆ ಕೂಡಿಸುವ ಕೊಂಡಿ ಬಯೋಟಿನ್. ಅದು ಇಲ್ಲದ ಒಂದು ವಜ್ರವನ್ನು ಪ್ರತಿ ಸಲವೂ ಜೊತೆಗಿಡಿ. ಅದರ ಮೇಲೂ ಪ್ರೋಟೀನು ಅಷ್ಟೇ ಕೂತಿದ್ದರೆ ನಿಮ್ಮ ಪದರ ತಡೆಯುತ್ತಿಲ್ಲ, ಆ ಫಲಿತಾಂಶ ಬಿಟ್ಟುಬಿಡಿ. ಎಷ್ಟೇ ಚಂದ ಕಂಡರೂ ಬಿಟ್ಟುಬಿಡಿ.

ಮಾಡಬಾರದ್ದು

ಪಿರಾನಾದ ಹತ್ತಿರ ಅಸಿಟೋನ್, ಆಲ್ಕೋಹಾಲ್ ತರಬೇಡಿ, ಸ್ಫೋಟವಾಗುತ್ತದೆ. ಅದರ ಬಾಟಲಿಗೆ ಬಿಗಿ ಮುಚ್ಚಳ ಹಾಕಬೇಡಿ, ಅನಿಲ ಕಟ್ಟಿಕೊಂಡು ಒಡೆಯುತ್ತದೆ.

ಅಲ್ಯುಮಿನಾ ಬೆಳೆಸಲು ಬಳಸುವ ಟ್ರೈಮೀಥೈಲ್ ಅಲ್ಯುಮಿನಿಯಮ್ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ತರಬೇತಿ ಇಲ್ಲದವರು ಅದರ ಸಿಲಿಂಡರ್, ನಟ್ಟು, ಪೈಪು ಯಾವುದನ್ನೂ ಮುಟ್ಟುವಂತಿಲ್ಲ.

ಹೆಚ್ಚು ಹೊತ್ತು ಬಿಟ್ಟರೆ ಗಟ್ಟಿಯಾದೀತು ಅಂತ ವಜ್ರವನ್ನು ಸಿಲೇನಿನಲ್ಲಿ ಹಾಗೇ ಬಿಡಬೇಡಿ. ತೇವ ಸಿಕ್ಕರೆ ಸಿಲೇನ್ ಪದರದ ಮೇಲೆ ಪದರವಾಗಿ ಗಂಟು ಕಟ್ಟುತ್ತದೆ. ಮಳೆಗಾಲದಲ್ಲಿ ಇನ್ನೂ ಎಚ್ಚರ ಬೇಕು.

ಗ್ಲೈಕಾಲ್ ಜೊತೆ ಟ್ರಿಸ್ ಬಫರ್ ಬೇಡ. ಟ್ರಿಸ್‌ನ ಅಮೈನು ಗ್ಲೈಕಾಲಿನ ಅಂಟುವ ತುದಿಗಳನ್ನೆಲ್ಲ ನುಂಗಿಬಿಡುತ್ತದೆ.

ವಜ್ರವನ್ನು ಚಿಮಟದಲ್ಲಿ ಅಂಚಿಗೆ ಹಿಡಿಯಿರಿ, ಮೈಗೆ ತಾಗಿಸಬೇಡಿ. ಎರಡೂ ಮುಖ ಕಣ್ಣಿಗೆ ಒಂದೇ, ಸಾರಜನಕ ಇರುವುದು ಒಂದರಲ್ಲಿ ಮಾತ್ರ. ಗುರುತಿಲ್ಲದೆ ಡಬ್ಬಿಯಲ್ಲಿಡಬೇಡಿ.

ಪದರ ಕೂಡಿದ ವಜ್ರವನ್ನು ಮತ್ತೆ ಬಿಸಿ ಆಸಿಡ್‌ಗಾಗಲಿ ಕ್ಷಾರಕ್ಕಾಗಲಿ ಹಾಕಬೇಡಿ, ಅಲ್ಯುಮಿನಾ ಕರಗಿ ಹೋಗುತ್ತದೆ.

ಇಂಗ್ಲಿಷಿನ ಲೇಬಲ್ ತಿಳಿಯದಿದ್ದರೆ ಕನ್ನಡದಲ್ಲೇ ಕೇಳಿ, ನಾಚಿಕೆ ಬೇಡ. ತಿಳಿಯುವ ತನಕ ಆ ಬಾಟಲಿ ತೆರೆಯಬೇಡಿ. ಕಣ್ಣಿಗೆ ಏನು ಸಿಡಿದರೂ ಮೊದಲು 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಜೋರಾಗಿ ಕೂಗಿ ಜನರನ್ನು ಕರೆಯಿರಿ.